ಜೋಡಿ ಸದಸ್ಯತ್ವ

ಮೊದಲು ಮುಗಿಯುವುದು ಗುಲಾಬಿ. ವಿಶೇಷ ಪ್ರದರ್ಶನದ ಬುಕಿಂಗ್ ಶುರುವಾಗುವ ದಿನ ನಾವು ಕಿಟಕಿ ತೆರೆಯುವ ಹೊತ್ತಿಗೆ ಸಾಲು ಚಿತ್ರಶಾಲೆಯ ಗೇಟು ದಾಟಿ, ಸೋಡಾ ಅಂಗಡಿ ದಾಟಿ, ಮುಚ್ಚಿಹೋದ ಟಾಕೀಸಿನ ಗೋಡೆಯವರೆಗೆ ಹೋಗಿರುತ್ತದೆ. ಸಾಲಿನಲ್ಲಿ ನಿಂತವರಲ್ಲಿ ಮುಕ್ಕಾಲು ಪಾಲು ಜನ ಗುಲಾಬಿ ಬಿಡುವುದೆಂದು ಮನೆಯಲ್ಲೇ ಮಾತಾಡಿಕೊಂಡು ಬಂದಿರುತ್ತಾರೆ. ತಮ್ಮ ಸರದಿ ಬರುವವರೆಗೆ ಗುಲಾಬಿ ಬಣ್ಣವಿಲ್ಲದೆ ಒಂದು ತಿಂಗಳು ಕಳೆಯುವುದು ಯಾರಿಗೂ ಕಷ್ಟವಲ್ಲ. ಗುಲಾಬಿಯ ಕಪಾಟು ತುಂಬಿತು ಎಂದು ಬೋರ್ಡು ನೇತುಹಾಕಿದ ಮೇಲೆ ನೇರಳೆ, ಅದಾದ ಮೇಲೆ ಕಿತ್ತಳೆ. ಮಧ್ಯಾಹ್ನ ಊಟದ ಹೊತ್ತಿಗೆ ಬಂದವರಿಗೆ ಹಸಿರು, ಹಳದಿ, ಕಂದು, ಕೆಂಪು, ನೀಲಿ ಮಾತ್ರ ಉಳಿದಿರುತ್ತವೆ. ಜಗಳ ಶುರುವಾಗುವುದು ಆಗ.

"ಹಸಿರು ಕೊಟ್ಬಿಟ್ಟು ನಾನು ಬಾಳೆಕಾಯಿ ವ್ಯಾಪಾರ ಹೆಂಗಮ್ಮ ಮಾಡ್ಲಿ?" ಎಂದು ಈ ಸಲ ಒಬ್ಬರು ಕೇಳಿದರು.

"ಮೂಸಿ ನೋಡಿ, ಅಣ್ಣ."

"ಕಾಯಿನ ಯಾರಾದ್ರೂ ಮೂಸ್ತಾರಾ?"

"ಹಂಗಾದ್ರೆ ಒಂದು ತಿಂಗಳು ಹಣ್ಣೇ ಮಾರಿ," ಎಂದು ಪಕ್ಕದ ಕಿಟಕಿಯ ಫಾಲಾಕ್ಷ ಸರ್ ಹೇಳಿದರು. ಸಾಲಿನಲ್ಲಿದ್ದವರೆಲ್ಲ ನಕ್ಕರು. ಆತ ಬೈದುಕೊಳ್ಳುತ್ತಲೇ ಹಸಿರು ಬಿಟ್ಟು ಹೋದರು.

ಟಿಕೆಟ್ಟಿಗೆ ದುಡ್ಡಲ್ಲ, ಒಂದು ಬಣ್ಣ ಬಿಡಬೇಕು. ಬಿಡುವುದೆಂದರೆ ದೊಡ್ಡ ಕೆಲಸವೇನಲ್ಲ. ಕಿಟಕಿಯ ಕಟ್ಟೆಯ ಮೇಲೆ ಗಾಜಿನ ಬಟ್ಟಲೊಂದು ಇರುತ್ತದೆ. ಅದರ ಮೇಲೆ ಬಗ್ಗಿ, ಬಣ್ಣದ ಹೆಸರು ಹೇಳಿ, ಕಣ್ಣು ಮುಚ್ಚಿ ತೆರೆಯಬೇಕು. ನಾನು ಬಟ್ಟಲಿಗೆ ಮುಚ್ಚಳ ಹಾಕಿ ಹೆಸರು ಅಂಟಿಸಿ ಹಿಂದಿನ ಕಪಾಟಿನಲ್ಲಿಡುತ್ತೇನೆ. ಆ ಗಳಿಗೆಯಿಂದ ಅವರಿಗೆ ಆ ಬಣ್ಣವಿದ್ದ ಜಾಗದಲ್ಲೆಲ್ಲ ಬೂದು ಕಾಣುತ್ತದೆ. ಪ್ರದರ್ಶನ ನೋಡಿ ಹೊರಗೆ ಬಂದಾಗ ಮತ್ತೆ ಬಗ್ಗಿ ಕಣ್ಣು ಮುಚ್ಚಿ ತೆರೆದರೆ ಅವರದು ಅವರಿಗೆ. ಬೂದು ಬಣ್ಣ ತೆಗೆದುಕೊಳ್ಳುವುದಿಲ್ಲ ಎಂದು ಕಿಟಕಿಯ ಮೇಲೇ ಬರೆದು ಅಂಟಿಸಿದ್ದೇವೆ. ಆದರೂ ವರ್ಷಕ್ಕೊಬ್ಬರಾದರೂ ಕೇಳುತ್ತಾರೆ.

ಚಿತ್ರಶಾಲೆಯ ಸದಸ್ಯರಾಗುವುದೂ ಬಣ್ಣ ಕೊಟ್ಟೇ. ವರ್ಷದ ಸದಸ್ಯರ ಬಣ್ಣ ವರ್ಷದ ಮೇಲೆ ವಾಪಸ್ಸಾಗುತ್ತದೆ. ಆಜೀವ ಸದಸ್ಯರದು ಆಗುವುದಿಲ್ಲ. ಆಜೀವ ಸದಸ್ಯತ್ವವನ್ನು ನಮ್ಮೂರಿನಲ್ಲಿ ಒಬ್ಬರೇ ಬಂದು ತೆಗೆದುಕೊಳ್ಳುವುದು ಅಪರೂಪ. ಮದುವೆಯಾದ ವಾರ, ಕೈಯ ಮದರಂಗಿ ಇನ್ನೂ ಮಾಸದಿರುವಾಗ, ಗಂಡ ಹೆಂಡತಿ ಜೋಡಿಯಾಗಿ ಬಂದು ತೆಗೆದುಕೊಳ್ಳುತ್ತಾರೆ. ಅವರು ಒಂದು ಬಣ್ಣ, ಇವರು ಒಂದು ಬಣ್ಣ. ಇಬ್ಬರೂ ಒಂದೇ ಬಣ್ಣ ಕೊಡುವಂತಿಲ್ಲ, ಮನೆ ಎಂದ ಮೇಲೆ ಎಲ್ಲ ಬಣ್ಣ ಇರಬೇಕು ಎನ್ನುತ್ತಾರೆ. ಅಲ್ಲಿಂದ ಮುಂದೆ ಇವರಿಗೆ ಕಾಣದ್ದನ್ನು ಅವರು ಹೇಳಬೇಕು, ಅವರಿಗೆ ಕಾಣದ್ದನ್ನು ಇವರು. ಮೂರನೆಯವರನ್ನು ಕೇಳುವಂತಿಲ್ಲ. ಮನೆ ಬಣ್ಣ ಬೀದಿಯಲ್ಲಿ ಕೇಳಬಾರದು ಎನ್ನುವುದು ನಮ್ಮೂರಿನಲ್ಲಿ ಮಕ್ಕಳಿಗೆ ಮಾತು ಬಂದ ಕೂಡಲೇ ಕಲಿಸುವ ಪಾಠ. ನಾನು ಚಿಕ್ಕವಳಿದ್ದಾಗ ಅತ್ತೆಯ ಮನೆಯಲ್ಲಿ ಒಂದು ಸೀರೆಯ ಬಣ್ಣ ಹೇಳಲು ಬಾಯಿ ತೆರೆದಿದ್ದೆ. ಅಮ್ಮ ತೊಡೆಗೆ ಚಿವುಟಿದ್ದು ಈಗಲೂ ನೆನಪಿದೆ.

ಆ ಅತ್ತೆಯೇ ತುಂಗತ್ತೆ, ನನ್ನ ಅಪ್ಪನ ಅಕ್ಕ. ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರ ಹಾಕಿಕೊಂಡು ರವಿಕೆ ಹೊಲಿಯುತ್ತಾಳೆ. ಅವಳ ಗಂಡ ಹಾಲಪ್ಪ ಮಾವ ಮದುವೆಯ ಬ್ಯಾಂಡ್ ಸೆಟ್ಟಿನಲ್ಲಿ ಕ್ಲಾರಿನೆಟ್ ಊದುತ್ತಿದ್ದ. ಜೋಡಿ ಸದಸ್ಯತ್ವಕ್ಕೆ ಅವಳು ನೀಲಿ ಕೊಟ್ಟಿದ್ದಳು, ಅವನು ಕೆಂಪು. ಬ್ಯಾಂಡಿನವರ ಕೋಟು ಅಚ್ಚ ಕೆಂಪು. ಮಾವನಿಗೆ ಮಾತ್ರ ಅದು ಬೂದು. "ಊರಿಗೆಲ್ಲ ಮದುವೆ, ನಾನು ನೋಡು ಬೂದಿ ಬಳ್ಕೊಂಡ ಸನ್ಯಾಸಿ ಥರ ಹೊರಟಿದೀನಿ," ಎಂದು ಪ್ರತಿ ಸಲವೂ ಹೇಳುತ್ತಿದ್ದ. ಅತ್ತೆ ಪ್ರತಿ ಸಲವೂ ಕೋಟಿನ ಗುಂಡಿ ಹಾಕುತ್ತ, "ಕೆಂಡದ ಥರ ಇದೀರ, ಸುಮ್ನೆ ಹೋಗಿ," ಎನ್ನುತ್ತಿದ್ದಳು.

ಮದುವೆಗಳಿಲ್ಲದ ತಿಂಗಳುಗಳಲ್ಲಿ ಅವನು ಅತ್ತೆಯ ಪಕ್ಕದಲ್ಲಿ ಸ್ಟೂಲು ಹಾಕಿಕೊಂಡು ಕೂತು ದಾರ ಆರಿಸಿ ಕೊಡುತ್ತಿದ್ದ. ನೀಲಿ ಬಟ್ಟೆ ಬಂದರೆ ಅದು ಯಾವ ನೀಲಿ ಎಂದು ಹೇಳಬೇಕಲ್ಲ. ಅವನು ಮಾತಿನಲ್ಲಿ ಹೇಳುತ್ತಿರಲಿಲ್ಲ, ಮೂಗಿನಲ್ಲೇ ಒಂದು ಸ್ವರ ಗುನುಗುತ್ತಿದ್ದ. ಶಾಲೆ ಮಕ್ಕಳ ಯೂನಿಫಾರ್ಮಿನ ತಿಳಿನೀಲಿಗೆ ಮೇಲಿನ ಸ್ವರ, ಶಾಯಿಯ ನೀಲಿಗೆ ಎದೆಯಾಳದ್ದು. ಅತ್ತೆ ತಲೆಯಾಡಿಸಿ ಹೊಲಿಗೆ ಶುರು ಮಾಡುತ್ತಿದ್ದಳು. ಅವಳಿಗೆ ಸಂಗೀತದ ಗಂಧವೂ ಇಲ್ಲ. ಆದರೆ ನೀಲಿಯ ವಿಷಯದಲ್ಲಿ ಅವಳ ಕಿವಿ ತಪ್ಪುತ್ತಿರಲಿಲ್ಲ.

ಅವರಿಬ್ಬರ ನಡುವೆ ಇದ್ದ ಒಂದೇ ತಕರಾರು ಆ ಸೀರೆ. ಮದುವೆಯಾದ ಹೊಸದರಲ್ಲಿ ಮಾವ ಯಾವುದೋ ಊರಿನ ಮದುವೆಗೆ ಊದಲು ಹೋದವನು ತಂದಿದ್ದು. "ನೀಲಿ ಸೀರೆ ತಂದಿದೀನಿ ತುಂಗಾ, ಅಪ್ಪಟ ನೀಲಿ," ಎಂದು ಕೊಟ್ಟನಂತೆ. ಅತ್ತೆ ಬಿಚ್ಚಿ ನೋಡಿದರೆ ಕೆಂಪು. ನೀಲಿಯಾಗಿದ್ದರೆ ಅವಳಿಗೆ ಬೂದು ಕಾಣಬೇಕಿತ್ತು. "ನಿಮಗೆ ಕೆಂಪು ಕಾಣಲ್ಲ ಅಂತ ಅಂಗಡಿಯವನು ಚೆನ್ನಾಗಿ ಟೋಪಿ ಹಾಕಿದಾನೆ," ಎಂದಳು. ಮಾವ ಒಪ್ಪಲಿಲ್ಲ. ಕೆಂಪಾಗಿದ್ದರೆ ಅವನಿಗೆ ಬೂದು ಕಾಣಬೇಕಿತ್ತು. ಅಲ್ಲಿಗೆ ಶುರುವಾದದ್ದು ಅವನು ಇರುವವರೆಗೂ ಮುಗಿಯಲಿಲ್ಲ. ಸೀರೆಯ ಅಂಚು ಸವೆಯದಂತೆ ಒಳಗೆ ಫಾಲ್ ಕೂರಿಸುವಾಗ ಅತ್ತೆ ಕೆಂಪು ದಾರ ಹಾಕಿ ಹೊಲಿಯುತ್ತಿದ್ದಳು. ಒಲೆಯ ಮೇಲಿನ ಹಾಲು ನೋಡಲು ಎದ್ದುಹೋದಾಗ ಮಾವ ಸದ್ದಿಲ್ಲದೆ ರೀಲು ಬದಲಾಯಿಸಿ ನೀಲಿ ಹಾಕಿಟ್ಟ. ಅವಳು ಬಂದು ಕೂತು ಇನ್ನರ್ಧ ಹೊಲಿದ ಮೇಲೆಯೇ ಅದನ್ನು ಗಮನಿಸಿದ್ದು. ಕೋಪದಲ್ಲಿ ಬಿಚ್ಚಲೂ ಇಲ್ಲ. ಹಾಗಾಗಿ ಆ ಸೀರೆಯ ಫಾಲಿಗೆ ಅರ್ಧ ಕೆಂಪು ದಾರ, ಅರ್ಧ ನೀಲಿ ದಾರ. ಹಬ್ಬಕ್ಕೆ ಅದನ್ನು ಉಟ್ಟಾಗಲೆಲ್ಲ ಮಾವ, "ಆಹಾ, ನೀಲಿ ಎಷ್ಟು ಒಪ್ಪುತ್ತೆ ನಿಂಗೆ," ಎಂದು ಕೆಳಗಿನ ಒಂದು ಸ್ವರ ಗುನುಗುತ್ತಿದ್ದ. ಅತ್ತೆ, "ಕೆಂಪು," ಎಂದು ಒಂದೇ ಮಾತು ಹೇಳಿ ಅಡುಗೆ ಮನೆಗೆ ಹೋಗುತ್ತಿದ್ದಳು.

ನಮಗೆಲ್ಲ ಅದು ಯಾವ ಬಣ್ಣವೆಂದು ಗೊತ್ತಿತ್ತು. ಬೀದಿಗೇ ಗೊತ್ತಿತ್ತು. ಯಾರೂ ಹೇಳಲಿಲ್ಲ.

ಹೋದ ವರ್ಷ ಮದುವೆಗಳ ಕಾಲ ಮುಗಿಯುತ್ತಿದ್ದಂತೆ ಮಾವನಿಗೆ ಉಸಿರು ಸಾಲದಾಯಿತು. ಊದಿ ಊದಿ ಖಾಲಿಯಾಯ್ತು ಎಂದು ಅವನೇ ತಮಾಷೆ ಮಾಡಿದ. ಹೆಚ್ಚು ದಿನ ಮಲಗಲಿಲ್ಲ.

ಜೋಡಿಯಲ್ಲಿ ಒಬ್ಬರು ಹೋದರೆ, ಅವರ ಬಣ್ಣ ಮೇಲಿನ ಮಹಡಿಯ ಚಿತ್ರಕಾರರಿಗೆ ಹೋಗುತ್ತದೆ. ಅವರು ವರ್ಷವಿಡೀ ಹಾಗೆ ಬಂದ ಬಣ್ಣಗಳಿಂದ ಚಿತ್ರ ಬರೆಯುತ್ತಾರೆ. ಆ ಚಿತ್ರಗಳದೇ ನಮ್ಮ ವಿಶೇಷ ಪ್ರದರ್ಶನ. ಗೇಟಿನಾಚೆಯವರೆಗೂ ಸಾಲು ನಿಲ್ಲುವುದು ಇದಕ್ಕೇ, ಏಕೆಂದರೆ ಪ್ರತಿ ಮನೆಯವರಿಗೂ ನೋಡಬೇಕಾದದ್ದು ಏನಾದರೂ ಅಲ್ಲಿರುತ್ತದೆ. ಯಾರ ಬಣ್ಣ ಎಲ್ಲಿದೆ ಎಂದು ಚಿತ್ರದ ಪಕ್ಕದ ಚೀಟಿಯಲ್ಲಿ ಬರೆದಿರುತ್ತದೆ. ಎಲ್ಲಿ ಹಚ್ಚಬೇಕೆನ್ನುವುದು ಚಿತ್ರಕಾರರ ಇಷ್ಟ. ನಮ್ಮ ತಾತನ ಹಳದಿಯನ್ನು ನಾಯಿಯ ಹಲ್ಲಿಗೆ ಹಚ್ಚಿದ್ದಾರೆ ಎಂದು ಕಿಟಕಿಗೆ ಬಂದು ಕೂಗಾಡಿದವರಿದ್ದಾರೆ. ಪ್ರದರ್ಶನ ಮುಗಿದ ಮೇಲೆ ಆ ಚಿತ್ರಗಳು ಒಳಕೋಣೆಗಳಿಗೆ ಹೋಗುತ್ತವೆ. ಅಲ್ಲಿಗೆ ಆಜೀವ ಸದಸ್ಯರಿಗೆ ಮಾತ್ರ ಪ್ರವೇಶ. ಅವರು ಎಂದು ಬೇಕಾದರೂ ಬಂದು ತಮ್ಮವರ ಎದುರು ಕೂತು ಹೋಗಬಹುದು.

ಬದುಕಿ ಉಳಿದವರಿಗೆ ಒಂದು ಆಯ್ಕೆ ಇದೆ. ಪ್ರದರ್ಶನದ ಕೊನೆಯ ದಿನದೊಳಗೆ ಸದಸ್ಯತ್ವ ಬಿಟ್ಟುಕೊಟ್ಟು ತಮ್ಮ ಬಣ್ಣ ವಾಪಸ್ ಪಡೆಯಬಹುದು. ಹಾಗೆ ಮಾಡಿದರೆ ಒಳಕೋಣೆ ಇಲ್ಲ, ಎಲ್ಲರಂತೆ ಟಿಕೆಟ್ಟು ತೆಗೆದುಕೊಂಡು ಪ್ರದರ್ಶನ ಒಂದು ಸಲ ನೋಡಿ ಹೋಗಬೇಕು. ಕೊನೆಯ ದಿನ ದಾಟಿತೋ, ಬಣ್ಣದ ಮಾತು ಮುಗಿಯಿತು.

ತುಂಗತ್ತೆ ಬಂದಿರಲಿಲ್ಲ. ಪ್ರದರ್ಶನ ಶುರುವಾಗಿ, ಅರ್ಧವಾಗಿ, ಮುಗಿಯುತ್ತ ಬಂದರೂ ಅವಳ ಸುಳಿವಿಲ್ಲ. ನಾನು ದಿನಾ ಕೆಲಸ ಮುಗಿಸಿ ಅವಳ ಮನೆಗೆ ಹೋಗುತ್ತಿದ್ದೆ. ಡಬ್ಬಿಯಲ್ಲಿ ದಾರದ ರೀಲುಗಳು ಕಲಸಿಹೋಗಿರುತ್ತಿದ್ದವು. ನಾನು ಸೋದರಸೊಸೆಯಾದರೂ ಬೇರೆ ಮನೆಯವಳು, ಹಾಗಾಗಿ ಅವಳು ಕೇಳುವುದಿಲ್ಲ, ನಾನು ಹೇಳುವಂತಿಲ್ಲ. ಗಂಗಾಂಬಿಕೆ ಟೀಚರ್ ತಮ್ಮ ಮಗಳ ನಿಶ್ಚಿತಾರ್ಥಕ್ಕೆಂದು ಹೊಲಿಯಲು ಕೊಟ್ಟ ನೀಲಿ ರವಿಕೆಗೆ ಅತ್ತೆ ಸಿಮೆಂಟು ಬಣ್ಣದ ದಾರ ಹಾಕಿಬಿಟ್ಟಳು. ಟೀಚರ್ ಏನೂ ಅನ್ನಲಿಲ್ಲ. ಕೂಲಿ ಕೊಟ್ಟು ತೆಗೆದುಕೊಂಡು ಹೋದರು. ಆ ಬೀದಿಯಿಂದ ಮತ್ತೆ ಬಟ್ಟೆ ಬರಲಿಲ್ಲ.

"ಬೈದಿದ್ರೆ ಚೆನ್ನಾಗಿತ್ತು," ಎಂದಳು ಅತ್ತೆ ಆ ಸಂಜೆ. "ಅಯ್ಯೋ ಪಾಪ ಅಂತ ಸುಮ್ನಾದ್ರು. ಅದೇ ನಂಗೆ ತಡ್ಕೊಳೋಕಾಗ್ಲಿಲ್ಲ."

"ನೀಲಿ ವಾಪಸ್ ತಗೋ ಅತ್ತೆ. ಇನ್ನು ಮೂರು ದಿನ ಇದೆ ಅಷ್ಟೆ."

"ತಗೊಂಡ್ರೆ ಒಳಕೋಣೆ ಹೋಗುತ್ತಲ್ಲ. ಅವ್ರ ಕೆಂಪು ಅಲ್ಲಿರುತ್ತೆ."

"ಹೊಲಿಗೆ ಹೋಗುತ್ತೆ ಅತ್ತೆ ಹಿಂಗೇ ಆದ್ರೆ. ಆಮೇಲೆ ಏನ್ ಮಾಡ್ತೀಯ?"

ಅವಳು ಯಂತ್ರದ ಚಕ್ರವನ್ನು ಸುಮ್ಮನೆ ಹಿಂದೆ ಮುಂದೆ ಆಡಿಸಿದಳು. "ಅದೊಂದೇ ಅಲ್ಲ ಕಣೆ ಅನ್ಸೂ. ನಂಗೆ ನೀಲಿ ಅಂದ್ರೆ ಏನು ಹೇಳು. ಅವ್ರ ಮೂಗಿನ ಸದ್ದು. ಆಕಾಶ ಅಂದ್ರೆ ಅವ್ರು ಬೆಳಿಗ್ಗೆ ಹಲ್ಲುಜ್ತಾ ಗುನುಗೋರಲ್ಲ, ಅದು. ಕಣ್ಣಿಗೆ ನಿಜವಾದ್ದು ಬಂದ್ಬಿಟ್ರೆ ಕಿವೀಲಿರೋದು ಉಳಿಯುತ್ತಾ?"

ಕಿಟಕಿಯಲ್ಲಿ ಕೂತು ಎಲ್ಲ ಬಗೆಯ ಪ್ರಶ್ನೆಗಳಿಗೆ ಉತ್ತರ ಕೊಡುತ್ತೇನೆ. ಬುಕಿಂಗ್ ಮುಂದೂಡಬಹುದೇ, ಕೊಟ್ಟ ಬಣ್ಣ ಬದಲಾಯಿಸಬಹುದೇ, ಹಾಲು ಕುಡಿಯುವ ಮಗುವಿಗೂ ಟಿಕೆಟ್ ಬೇಕೇ. ಇದು ಅದರಲ್ಲಿ ಸೇರಿರಲಿಲ್ಲ. ಆದರೂ ಒಂದು ಕೆಲಸ ಮಾಡಿದೆ. ಕಿಟಕಿಯವರಿಗೆ ತಮ್ಮವರಿಗಾಗಿ ಒಂದು ಜಾಗ ಹಿಡಿದಿಡುವ ಅವಕಾಶವಿದೆ. ಗುಲಾಬಿಯ ಕಪಾಟಿನಲ್ಲಿ ಒಂದು ಖಾಲಿ ಬಟ್ಟಲಿಗೆ ತುಂಗಮ್ಮ ಎಂದು ಚೀಟಿ ಅಂಟಿಸಿಟ್ಟೆ. ಬಂದರೆ ಗುಲಾಬಿ ಬಿಟ್ಟು, ನೀಲಿ ತೆಗೆದುಕೊಂಡು, ಮಾವನ ಕೆಂಪನ್ನು ಕಣ್ತುಂಬ ನೋಡಿ ಹೋಗಲಿ. ಒಂದೇ ಸಲವಾದರೂ ಸರಿ.

"ನಿಮ್ಮತ್ತೆ ಬರಲ್ಲ," ಎಂದರು ಫಾಲಾಕ್ಷ ಸರ್. "ಅವ್ರ ಹಟ ನಂಗೊತ್ತು. ನನ್ನ ಮದುವೆಗೆ ನಿಮ್ಮ ಮಾವ ಊದಿದ್ದು. ಶ್ರುತಿ ತಪ್ಪಿದ್ರೆ ಆಯಮ್ಮ ಊಟದ ಪಂಕ್ತಿಯಿಂದಾನೇ ಗುರಾಯಿಸೋರು."

"ಅವ್ಳಿಗೆ ಶ್ರುತಿ ಗೊತ್ತಾಗಲ್ಲ ಸರ್."

"ಅದಕ್ಕೇ ಹೇಳಿದ್ದು, ಹಟ ಅಂತ."

ಕೊನೆಯ ದಿನ ಮಧ್ಯಾಹ್ನ ಅವಳು ಬಂದಳು. ಸಾಲಿನಲ್ಲೇ ನಿಂತು ಬಂದಳು. ಆ ಸೀರೆ ಉಟ್ಟಿದ್ದಳು. ಇಸ್ತ್ರಿ ಮಾಡಿದ ಗೆರೆಗಳು ನೆಟ್ಟಗೆ ಕಾಣುತ್ತಿದ್ದವು.

"ಸದಸ್ಯತ್ವ ವಾಪಸ್ ತಗೊಳಮ್ಮ," ಎಂದಳು, ನಾನು ಯಾರೋ ಎಂಬಂತೆ. ಆಮೇಲೆ ಸ್ವರ ಇಳಿಸಿ, "ಹೆಂಗೆ ಕಾಣ್ತೀನಿ?" ಎಂದಳು.

"ಮದುವೆಗೆ ಹೊರಟ ಹಾಗೆ."

ನಾನು ಹಿಂದಿನ ಕಪಾಟಿನಿಂದ ಅವಳ ನೀಲಿ ತಂದೆ. ಬಟ್ಟಲಿನ ಗಾಜು ಹಳೆಯದಾಗಿ ಮಂಜಾಗಿತ್ತು. ಒಳಗಿನದು ಹಾಗೇ ಇತ್ತು. ಇನ್ನೊಂದು ಕೈಯಲ್ಲಿ ಗುಲಾಬಿಯ ಖಾಲಿ ಬಟ್ಟಲು ಮುಂದಿಟ್ಟೆ. "ಟಿಕೆಟ್ಟಿಗೆ ಗುಲಾಬಿ ಜಾಗ ಹಿಡಿದಿಟ್ಟಿದೀನಿ ಅತ್ತೆ."

"ಗುಲಾಬಿ ಬೇಡ. ಕೆಂಪು ತಗೋ."

ಅವಳಿಗೆ ಅರ್ಥವಾಗಿಲ್ಲ ಎಂದುಕೊಂಡೆ. ಕಿಟಕಿಯಿಂದ ತಲೆ ಹೊರಹಾಕಿ ಮೆಲ್ಲಗೆ ಹೇಳಿದೆ. "ಕೆಂಪು ಬಿಟ್ಟರೆ ಒಳಗೆ ಮಾವಂದು ಕಾಣಲ್ಲ ಅತ್ತೆ. ಬೂದು ಕಾಣುತ್ತೆ. ಸದಸ್ಯತ್ವಾನೂ ಬಿಡ್ತಿದೀಯ, ನಾಳೆಯಿಂದ ಆ ಚಿತ್ರ ಒಳಗೆ ಹೋಗುತ್ತೆ. ಮತ್ತೆ ನೋಡೋಕಾಗಲ್ಲ."

"ಗೊತ್ತು ಕಣೆ."

"ಮತ್ತೆ?"

"ಕೆಂಪು ನಾನು ಹುಟ್ಟಿದಾಗಿಂದ ನೋಡಿದೀನಿ. ಅವ್ರಿಗೆ ಕಾಣೋ ಹಂಗೆ ಒಂದಿನಾನೂ ಯಾವ್ದನ್ನೂ ನೋಡಿಲ್ಲ."

ನನ್ನ ಕೈ ಬಟ್ಟಲಿನ ಮೇಲೆಯೇ ನಿಂತಿತು. ನೀಲಿ ಬಂದು ಕೆಂಪು ಹೋದರೆ ಉಳಿಯುವುದು ಏನೆಂದು ನನಗೆ ಹೊಳೆದದ್ದು ಆಗ. ಅದು ಮಾವನ ಕಣ್ಣು. ಅವಳು ಅದನ್ನು ಎಷ್ಟು ದಿನ ಯಂತ್ರದ ಮುಂದೆ ಕೂತು ಲೆಕ್ಕ ಹಾಕಿದ್ದಳೋ.

ಹಿಂದಿನವನು, "ಏನಮ್ಮ ತಡ?" ಎಂದ. ಪಕ್ಕದ ಕಿಟಕಿಯಿಂದ ಫಾಲಾಕ್ಷ ಸರ್, "ಈ ಕಡೆ ಬನ್ನಿ, ಈ ಕಡೆ ಬನ್ನಿ," ಎಂದು ಉಳಿದ ಸಾಲನ್ನೆಲ್ಲ ತಮ್ಮ ಕಡೆ ಎಳೆದುಕೊಂಡರು.

ಅತ್ತೆ ಎರಡು ಬಟ್ಟಲುಗಳ ಮೇಲೆ ಬಗ್ಗಿದಳು. ಮೊದಲು ನೀಲಿ ಬರಲಿ ಆಮೇಲೆ ಕೆಂಪು ಕೊಡು ಎಂದರೆ, ಬೇಡ, ಎರಡೂ ಮುಗಿಯೋವರೆಗೂ ಕಣ್ಣು ತೆಗೆಯಲ್ಲ ಎಂದಳು. ರೆಪ್ಪೆ ಬಿಗಿಯಾಗಿ ಮುಚ್ಚಿಕೊಂಡಿದ್ದಳು. ಬಾಯಿಯಲ್ಲಿ ಏನೋ ಹೇಳಿಕೊಳ್ಳುತ್ತಿದ್ದಳು. ನಾನು ಒಂದರ ಮುಚ್ಚಳ ತೆಗೆದು ಇನ್ನೊಂದರ ಮುಚ್ಚಳ ಹಾಕಿದೆ.

"ಆಯ್ತು ಅತ್ತೆ."

ಅವಳು ಕಣ್ಣು ತೆರೆದು ಮೊದಲು ನನ್ನನ್ನು ನೋಡಲಿಲ್ಲ, ಆಕಾಶ ನೋಡಲಿಲ್ಲ. ತಲೆ ತಗ್ಗಿಸಿ ತನ್ನ ಸೆರಗನ್ನು ಅಂಗೈ ಮೇಲೆ ಹರಡಿಕೊಂಡಳು. ಬಹಳ ಹೊತ್ತು ನೋಡಿದಳು. ಆಮೇಲೆ ಗಂಟಲಿನ ಕೆಳಗಿನಿಂದ ಆ ಒಂದು ಸ್ವರ ತೆಗೆಯಲು ಹೋದಳು. ಶ್ರುತಿ ಸೇರಲಿಲ್ಲ. ಆದರೂ ಅದು ಅದೇ ಎಂದು ನನಗೆ ಗೊತ್ತಾಯಿತು.

"ನೀಲಿನೇ ಕಣೆ," ಎಂದಳು. "ಅವ್ರು ಹೇಳಿದ್ದು ನಿಜ."

ಫಾಲಾಕ್ಷ ಸರ್ ನನ್ನ ಕಿಟಕಿಯನ್ನೂ ತಾವೇ ನೋಡಿಕೊಳ್ಳುವುದಾಗಿ ಹೇಳಿ ನನ್ನನ್ನು ಎಬ್ಬಿಸಿದರು. ಕಿಟಕಿಯವರು ಯಾವ ಬಣ್ಣವನ್ನೂ ಬಿಡುವಂತಿಲ್ಲ, ಹಾಗಾಗಿ ಟಿಕೆಟ್ ಇಲ್ಲದೆ ಒಳಗೆ ಹೋಗಬಹುದು. ನಾನು ಅತ್ತೆಯ ಕೈ ಹಿಡಿದುಕೊಂಡೆ. ಅವಳು ದಾರಿಯುದ್ದಕ್ಕೂ ನಿಲ್ಲುತ್ತ ನಡೆದಳು. ಕಾವಲಿನವನ ಅಂಗಿ, ನೀರಿನ ಡ್ರಮ್ಮು, ಯಾರದೋ ಹೆಗಲ ಚೀಲ. ಒಂದೊಂದಕ್ಕೂ ಮೂಗಿನಲ್ಲಿ ಒಂದು ಸದ್ದು ಮಾಡಿ, ಸರಿ ಇದೆಯೇ ಎಂದು ತಲೆ ಓರೆ ಮಾಡಿ ನೋಡುತ್ತಿದ್ದಳು. ಕಾವಲಿನವನು ಅಂಗಿಯಲ್ಲಿ ಏನಾದರೂ ಆಗಿದೆಯೇ ಎಂದು ಬಗ್ಗಿ ನೋಡಿಕೊಂಡ. ಕಿವಿಯಲ್ಲಿದ್ದದ್ದು ಎಲ್ಲಿಗೂ ಹೋಗಿರಲಿಲ್ಲ.

ಮಾವನ ಚಿತ್ರ ಎರಡನೆಯ ಕೋಣೆಯಲ್ಲಿತ್ತು. ಮದುವೆ ಮುಗಿದ ಛತ್ರ. ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು, ಮಡಚಿಟ್ಟ ಜಮಖಾನ, ನೆಲ ಗುಡಿಸುತ್ತಿರುವ ಹೆಂಗಸಿನ ಬೆನ್ನು. ಮೇಲೆ ಫ್ಯಾನಿನ ರೆಕ್ಕೆಗೆ ಅಲಂಕಾರದ ಕಾಗದದ ಒಂದು ಚೂರು ಸಿಕ್ಕಿಕೊಂಡಿದೆ. ಚೀಟಿಯಲ್ಲಿ, ಕುರ್ಚಿಯ ಹಸಿರು ಒಬ್ಬರದು, ಜಮಖಾನದ ಹಳದಿ ಇನ್ನೊಬ್ಬರದು, ಕಾಗದದ ಕೆಂಪು ಹಾಲಪ್ಪನವರದು ಎಂದು ಬರೆದಿತ್ತು. ಇಡೀ ಚಿತ್ರದಲ್ಲಿ ಬೇರೆಲ್ಲೂ ಕೆಂಪು ಇರಲಿಲ್ಲ.

"ಎಲ್ಲಿ?" ಎಂದಳು ಅತ್ತೆ.

"ಫ್ಯಾನಿನ ಮೇಲೆ. ಆ ಕಾಗದ."

"ಬೂದು ಕಾಣುತ್ತೆ."

"ಕೆಂಪಿದೆ ಅತ್ತೆ."

"ಕೆಂಪು ಅಂದ್ರೆ ನಂಗೇನ್ ತಿಳಿಯುತ್ತೆ? ಅವ್ರಿಗೆ ನಾನು ಬರೀ ಕೆಂಪು ಅಂತ ಒಂದಿನ ಹೇಳಿದೀನಾ? ಸರಿಯಾಗಿ ಹೇಳು."

ನಾನು ಚಿತ್ರವನ್ನೇ ನೋಡಿದೆ. ಕಿಟಕಿಯಲ್ಲಿ ದಿನಕ್ಕೆ ನೂರು ಸಲ ಕೆಂಪು ಎನ್ನುತ್ತೇನೆ. ಅದನ್ನು ಯಾರಿಗೂ ತಲುಪಿಸಬೇಕಾಗಿ ಬಂದಿರಲಿಲ್ಲ. "ಒಗ್ಗರಣೆಗೆ ಹಾಕಿದ ಮೆಣಸಿನಕಾಯಿ," ಎಂದೆ.

"ಕರ್ರಗಾಗೋಕೆ ಮುಂಚೇನೋ ಆಮೇಲೋ?"

"ಮುಂಚೆ. ಎಣ್ಣೆಗೆ ಬಿದ್ದ ಕೂಡ್ಲೆ ಒಂದ್ಸಲ ಉಬ್ಬುತ್ತಲ್ಲ, ಆಗ."

"ಹೂಂ. ಇನ್ನೂ ಹೇಳು."

"ಬೈಯೋಕೆ ಅಂತ ಬಾಯಿ ತೆಗ್ದು, ಎದುರಿಗೆ ಇರೋರ ಮುಖ ನೋಡಿ, ನುಂಗ್ಕೊಂಡ್ರೆ ಕಿವಿ ಬಿಸಿ ಆಗುತ್ತಲ್ಲ ಅತ್ತೆ. ಅಷ್ಟು ಕೆಂಪು."

ಅವಳು ಫ್ಯಾನಿನ ಕಡೆ ನೋಡುತ್ತಲೇ ಇದ್ದಳು. ಪಕ್ಕದಲ್ಲಿ ಯಾರೋ, ನಮ್ಮಜ್ಜಿಯ ಹಸಿರನ್ನು ಕುರ್ಚಿಗೆ ಯಾಕೆ ಹಾಕಿದರು, ಅವಳು ಜೀವನದಲ್ಲಿ ಕುರ್ಚಿಯ ಮೇಲೆ ಕೂತವಳೇ ಅಲ್ಲ ಎಂದು ಗೊಣಗುತ್ತಿದ್ದರು.

"ಈಗ ಕಾಣ್ತು," ಎಂದಳು ಅತ್ತೆ. ನನ್ನ ಕೈಯನ್ನು ಒಮ್ಮೆ ಒತ್ತಿದಳು. "ಹಿಂಗೇ ಇತ್ತೇನೋ ಅವ್ರಿಗೆ. ನಾನು ಹೇಳ್ತಿದ್ದೆ, ಅವ್ರು ಹೂಂ ಹೂಂ ಅಂತಿದ್ರು. ಬರೀ ನನ್ನ ಬಾಯಿ ಮುಚ್ಚಿಸೋಕೆ ಹೂಂ ಅಂತಾರೆ ಅಂದ್ಕೊಂಡಿದ್ದೆ. ಇಲ್ಲ ಕಣೆ. ನಿಜವಾಗ್ಲೂ ಕಾಣುತ್ತೆ."

ಹೊರಗೆ ಬಂದು ಕೆಂಪು ವಾಪಸ್ ತೆಗೆದುಕೊಳ್ಳಲು ಕರೆದರೆ, ಬಾಗಿಲು ಹಾಕೋ ಗಂಟೆ ಹೊಡೆಯೋವರೆಗೂ ಸಮಯ ಇದೆಯಲ್ಲ ಎಂದಳು. ಗೇಟಿನ ಪಕ್ಕದ ಕಲ್ಲು ಬೆಂಚಿನ ಮೇಲೆ ಕೂತಳು. ನಾನೂ ಕೂತೆ. ಎದುರಿಗೆ ಬೀದಿ ಎಂದಿನಂತೆ ಓಡಾಡುತ್ತಿತ್ತು. ಸೋಡಾ ಅಂಗಡಿಯ ಕೆಂಪು ಶರಬತ್ತಿನ ಬಾಟಲಿಗಳು, ಅಂಚೆ ಡಬ್ಬಿ, ತಳ್ಳುಗಾಡಿಯ ಟೊಮೇಟೊ, ಇವೆಲ್ಲ ಈಗ ಅವಳಿಗೆ ಬೂದು.

"ಟೊಮೇಟೊ ನೋಡೇ. ಕಲ್ಲು ಗುಡ್ಡೆ ಹಾಕ್ದಂಗಿದೆ," ಎಂದಳು. "ಇದನ್ನ ಹೆಂಗೆ ಆರಿಸ್ತಿದ್ರೋ ಪಾಪ. ಕೊಳೆತದ್ದು ತಂದ್ರು ಅಂತ ಎಷ್ಟು ಸಲ ಬೈದಿದೀನಿ. ಒಂದ್ಸಲ ಚೀಲ ಸಮೇತ ವಾಪಸ್ ಕಳಿಸಿದ್ದೆ."

"ಮಾವ ಏನಂದ್ರು?"

"ಏನಂತಾರೆ, ಹೋದ್ರು. ಬದನೆಕಾಯಿ ತಂದ್ರು."

ಅವಳು ನಕ್ಕಳು. ನಗುತ್ತ ಸೆರಗಿನಿಂದ ಕಣ್ಣು ಒರೆಸಿಕೊಂಡು, ಒರೆಸಿದ ಸೆರಗಿನ ನೀಲಿಯನ್ನು ಮತ್ತೆ ನೋಡಿದಳು. ಗಂಟೆ ಹೊಡೆಯುವವರೆಗೂ ಅಲ್ಲಿಯೇ ಇದ್ದೆವು. ಆಗಾಗ ಏನಾದರೊಂದು ನೋಡಿ, "ಓ," ಎನ್ನುತ್ತಿದ್ದಳು.

ಗಂಟೆ ಹೊಡೆದಾಗ ನನ್ನ ಕಿಟಕಿಯಲ್ಲಿ ಉಳಿದಿದ್ದ ಕೊನೆಯ ಬಟ್ಟಲು ಅವಳದು. ಫಾಲಾಕ್ಷ ಸರ್ ಕೀಲಿಕೈ ಹಿಡಿದು ನಿಂತಿದ್ದರೂ ಅವಸರ ಮಾಡಲಿಲ್ಲ. ಅತ್ತೆ ಬಗ್ಗಿ ಕಣ್ಣು ಮುಚ್ಚಿ ತೆರೆದಳು. ಕೆಂಪು ಬಂತು. ನೀಲಿ ಇತ್ತು. ಮದುವೆಯ ವಾರದಿಂದ ಇಲ್ಲಿಯವರೆಗೆ ಎರಡೂ ಒಟ್ಟಿಗೆ ಅವಳ ಕಣ್ಣಲ್ಲಿರುವುದು ಇದೇ ಮೊದಲು.

ಸೆರಗನ್ನು ಬೆಳಕಿಗೆ ಹಿಡಿದಳು. ತಿರುಗಿಸಿದಳು. ಮತ್ತೆ ತಿರುಗಿಸಿದಳು.

"ಅನ್ಸೂ."

"ಏನತ್ತೆ?"

"ಇದಕ್ಕೇನಂತಾರೆ?"

ಮನೆ ಬಣ್ಣ ಬೀದಿಯಲ್ಲಿ ಕೇಳಬಾರದು. ಅವಳು ಕೇಳಿದ್ದಳು. ಅಮ್ಮ ಚಿವುಟಿದ ಜಾಗ ಚುರುಕ್ಕೆಂದಿತು.

"ನೇರಳೆ," ಎಂದೆ.

ಫಾಲಾಕ್ಷ ಸರ್ ಕಿಟಕಿಯ ಕಡೆ ತಿರುಗಿ ಸುಮ್ಮನೆ ಬೀಗ ಹಾಕುತ್ತ ನಿಂತರು. ಹಾಕಿದ ಬೀಗವನ್ನೇ ಮತ್ತೊಮ್ಮೆ ಎಳೆದು ನೋಡಿದರು. ಅತ್ತೆ ಬೆಂಚಿನ ಮೇಲೆ ಕೂತು ನೆರಿಗೆ ಹಿಡಿದು, ಸೀರೆಯ ಅಂಚನ್ನು ಮಗುಚಿ ಒಳಗಿನ ಫಾಲ್ ನೋಡಿದಳು. ಒಂದು ಕಡೆ ಅವಳ ಕೆಂಪು ದಾರ. ಅವಳು ಹಾಲು ನೋಡಲು ಎದ್ದುಹೋದ ಜಾಗದಿಂದ ಆಚೆಗೆ ಮಾವನ ನೀಲಿ ದಾರ. ಎರಡೂ ಬಟ್ಟೆಗೆ ಹೊಂದಿರಲಿಲ್ಲ. ಕೈ ಕಲಿಯುತ್ತಿರುವವರು ಹಾಕಿದ ಹಾಗೆ ಎರಡೂ ಎದ್ದು ಕಾಣುತ್ತಿದ್ದವು. ಊರಿಗೆಲ್ಲ ದಾರ ಹೊಂದಿಸಿ ಕೊಟ್ಟ ಟೈಲರು ಇಷ್ಟು ವರ್ಷ ಇದನ್ನೇ ಉಟ್ಟು ಹಬ್ಬ ಮಾಡಿದ್ದಳು.

"ಮನೇಲಿ ನೇರಳೆ ರೀಲಿದೆ ಅತ್ತೆ, ಡಬ್ಬಿ ತಳದಲ್ಲಿ," ಎಂದೆ. "ಇದನ್ನ ಬಿಚ್ಚಿಬಿಟ್ಟು ಸರಿಯಾದ್ದು ಹಾಕೋಣ. ನಾನೇ ಬಿಚ್ಚಿಕೊಡ್ತೀನಿ."

ಅವಳು ಎರಡು ದಾರಗಳು ಸೇರುವ ಕಡೆ ಹೆಬ್ಬೆರಳಿನ ಉಗುರು ಹಾಕಿ, ಗಿರಾಕಿಯ ರವಿಕೆಯನ್ನು ಪರೀಕ್ಷಿಸುವ ಹಾಗೆ, ಎಳೆದು ನೋಡಿದಳು. ಒಂದು ಹೊಲಿಗೆಯೂ ಸಡಿಲವಾಗಿರಲಿಲ್ಲ.

"ಬೇಡ ಬಿಡು," ಎಂದು ಅಂಚು ಇಳಿಬಿಟ್ಟು ಎದ್ದಳು. "ಗಟ್ಟಿಯಾಗಿದೆ."